ಸೊನ್ನೆ ಸುತ್ತಿ, ಗೆರೆ ಎಳೆದು

ಮದುವೆ ಕರೆಯೋಲೆಗಳ ಹಿಂಬದಿ ಖಾಲಿ ಬಿಟ್ಟಿರುವುದೇ ನನಗಾಗಿ ಎಂದು ನಂಬಿದ್ದೇನೆ. ತಲೆಯಲ್ಲಿ ಏನಾದರೂ ಗೋಜಲಾದಾಗ ಅಲ್ಲಿ ನಾಲ್ಕು ಸೊನ್ನೆ ಸುತ್ತಿ, ನಡುನಡುವೆ ಬಾಣ ಎಳೆಯುವುದು ನನ್ನ ಚಟ. ಚಿತ್ರ ಬರೆಯಲು ಬರಬೇಕೆಂದೇನಿಲ್ಲ. ನನ್ನ ಸೊನ್ನೆ ಎಂದೂ ದುಂಡಗೆ ಬಂದದ್ದಿಲ್ಲ.

ಮಾತು ಬಲು ಜಾಣ. ಸಂಬಂಧವೇ ಇಲ್ಲದ ಎರಡು ಸಂಗತಿಗಳನ್ನು ಒಂದು ವಾಕ್ಯ ಸಲೀಸಾಗಿ ಬೀಗರನ್ನಾಗಿ ಮಾಡಿಬಿಡುತ್ತದೆ. ಬಾಣ ಮಾತ್ರ ಎಲ್ಲಿಂದ ಹೊರಟು ಎಲ್ಲಿ ಮುಟ್ಟಿತೆಂದು ತೋರಿಸಲೇಬೇಕು. ತಾರಸಿ ರಿಪೇರಿಗೆ ದುಡ್ಡು ಬೇಕು, ದುಡ್ಡಿಗೆ ಮಹಡಿ ಬಾಡಿಗೆಗೆ ಹೋಗಬೇಕು, ಮಹಡಿ ಹೋಗಲು ತಾರಸಿ ಸೋರಬಾರದು. ವಾರಗಟ್ಟಲೆ ಮನೆಯಲ್ಲಿ ನಡೆದ ಚರ್ಚೆ ಮೂರೇ ಬಾಣಗಳಲ್ಲಿ ಹೊರಟಲ್ಲಿಗೇ ಬಂದು ನಿಂತಿತು. ಹೊರಗಿನಿಂದ ಒಂದು ಬಾಣ ಬರದೆ ಇದು ಬಿಚ್ಚುವುದಿಲ್ಲ ಎಂದು ಆಗ ಕಂಡಿತು. ಸಾಲ ಮಾಡಿದೆವು.

ಈ ಚಟಕ್ಕೆ ದೊಡ್ಡವರ ಬೆಂಬಲವೂ ಇದೆ. ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನು, ಒಂದೊಂದನ್ನೂ ಒಂದೇ ಸಲ ದಾಟಿ ಸುತ್ತಿ ಬರಬಹುದೇ ಎಂಬುದು ಅಲ್ಲಿನವರ ಒಗಟಾಗಿತ್ತು. 1736ರ ಪ್ರಬಂಧದಲ್ಲಿ ಗಣಿತಜ್ಞ ಆಯ್ಲರ್ ಬೀದಿ, ಮನೆ, ಹೊಳೆಯ ಅಗಲ ಎಲ್ಲವನ್ನೂ ಬಿಸಾಡಿ, ಹೊಳೆ ಬೇರ್ಪಡಿಸಿದ ನಾಲ್ಕು ನೆಲಗಳಿಗೆ ನಾಲ್ಕು ಅಕ್ಷರ ಕೊಟ್ಟ. ನಡುದಾರಿಯ ನೆಲಕ್ಕೆ ಬರಲೊಂದು ಸೇತುವೆ, ಹೋಗಲೊಂದು, ಜೋಡಿಯಾಗಿಯೇ ಬೇಕು. ಬೆಸ ಸಂಖ್ಯೆ ಒಪ್ಪುವುದು ಹೊರಟ ಜಾಗಕ್ಕೂ ಮುಗಿಸಿದ ಜಾಗಕ್ಕೂ ಮಾತ್ರ. ಇಲ್ಲಿ 5, 3, 3, 3: ನಾಲ್ಕೂ ಬೆಸ. ಸಾಧ್ಯವಿಲ್ಲ, ಮುಗಿಯಿತು. (ಪಠ್ಯಪುಸ್ತಕಗಳು ತೋರಿಸುವ ಚುಕ್ಕಿ-ಗೆರೆಗಳ ಚಿತ್ರ ಅವನ ಪ್ರಬಂಧದಲ್ಲಿಲ್ಲ, ಆಮೇಲಿನವರದು. ಆದರೂ ಏನನ್ನು ಬಿಡಬೇಕೆಂದು ತಿಳಿದವನು ಅವನೇ.)

ನನಗೆ ಎಲ್ಲಕ್ಕಿಂತ ಖುಷಿ ಕೊಡುವುದು ನಮ್ಮ ಕಡೆಯ ವಂಶವೃಕ್ಷ. ಅದು ಮರವಾಗಿ ನಿಲ್ಲುವುದೇ ಇಲ್ಲ. ನಮ್ಮ ಚಿಕ್ಕಪ್ಪ ಅಕ್ಕನ ಮಗಳನ್ನೇ ತಂದುಕೊಂಡವರು. ಹಾಗಾಗಿ ಆ ಅಕ್ಕ, ಅಂದರೆ ನಮ್ಮತ್ತೆ, ಚಿಕ್ಕಪ್ಪನ ಮಕ್ಕಳಿಗೆ ಅಪ್ಪನ ಕಡೆಯಿಂದ ಸೋದರತ್ತೆ, ಅಮ್ಮನ ಕಡೆಯಿಂದ ಅಜ್ಜಿ. ಅತ್ತೆಯ ಮಗ ಅದೇ ಮಕ್ಕಳಿಗೆ ಸೋದರಮಾವನೂ ಹೌದು, ಅತ್ತೆ ಮಗನೂ ಹೌದು. ಮೊಬೈಲಿನ ಆ್ಯಪ್ ಒಂದು ಅತ್ತೆಯನ್ನು ಎರಡು ಕಡೆ ಕೂರಿಸಿ ಕೈತೊಳೆದುಕೊಂಡಿತು. ನಾನು ಒಂದೇ ಸೊನ್ನೆ ಹಾಕಿ, ಚಿಕ್ಕಪ್ಪನಿಂದ ಅದಕ್ಕೆ ಎರಡು ಗೆರೆ ಎಳೆದು ಅತ್ತೆಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು.

‘ಹಂಗಾದ್ರೆ ಹಬ್ಬಕ್ಕೆ ತಮ್ಮನ ಲೆಕ್ಕದಲ್ಲೊಂದು, ಅಳಿಯನ ಲೆಕ್ಕದಲ್ಲೊಂದು, ಎರಡು ಸೀರೆ ಬರಬೇಕಿತ್ತಲ್ಲೋ ನಂಗೆ!’