ಅಶೋಕನ ಕಲ್ಲು, ನಮ್ಮೂರ ವಕೀಲರು

ಇವತ್ತು ಕಲಬುರಗಿ ಜಿಲ್ಲೆಯ ಸನ್ನತಿಗೆ ಹೋಗಿದ್ದೆ. ಚಂದ್ರಲಾಂಬಾ ಗುಡಿ ಆವರಣದಲ್ಲಿ ಕಾಳಿ ವಿಗ್ರಹದ ಪೀಠವಾಗಿದ್ದ ಅಶೋಕನ ಶಾಸನದ ಕಲ್ಲಿನಲ್ಲಿ ನ್ಯಾಯ ಹೇಳುವ ಅಧಿಕಾರಿಗಳಿಗೂ ಮಾತಿದೆ: ಸಿಟ್ಟು, ಆತುರ, ಸೋಮಾರಿತನ ಬಿಡಿ, ಕಾರಣವಿಲ್ಲದೆ ಯಾರನ್ನೂ ಬಂಧಿಸಬೇಡಿ ಅಂತ. ಎರಡು ಸಾವಿರ ವರ್ಷದ ಹಿಂದೆಯೇ ಭೀಮಾ ದಂಡೆಯಲ್ಲಿ ಇಷ್ಟು ಕಾಳಜಿ!

ಆದರೆ ಆ ನ್ಯಾಯಕ್ಕಾಗಿ ವಾದಿಸಲು ಇಲ್ಲಿಯ ಹುಡುಗಿಯೊಬ್ಬಳು ಇವತ್ತು ವಕೀಲೆ ಆಗಬೇಕಂದ್ರೆ? ಕಲಬುರಗಿಯೇ ದಾರಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಿನವರಿಗೆ ರೈಲಾದರೂ ಇದೆ, ಚಿಂಚೋಳಿಯವರಿಗೆ ಬಸ್ಸೇ ಗತಿ. ನಿಜಾಮರ ಕಾಲದಲ್ಲಿ ಹೈದರಾಬಾದಿಗೇ ಹೋಗಬೇಕಿತ್ತು, ಅದೂ ಉರ್ದುವಿನಲ್ಲಿ ಓದಲಿಕ್ಕೆ. ಕರ್ನಾಟಕದ ಹೈಕೋರ್ಟಂತೂ 2008ರವರೆಗೆ ಬೆಂಗಳೂರಲ್ಲೇ, ಸುಮಾರು ಆರುನೂರು ಕಿಲೋಮೀಟರ್ ದೂರ. ಆ ವರ್ಷ ಕಲಬುರಗಿಗೆ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು.

ಓದು ಮುಗಿದ ಮೇಲಿನ ವರ್ಷಗಳೇ ನಿಜವಾದ ಕಷ್ಟ ಅನ್ನಿಸುತ್ತೆ ನನಗೆ. ವಕೀಲರ ನೋಂದಣಿ ಶುಲ್ಕವನ್ನು ಸುಪ್ರೀಂ ಕೋರ್ಟ್ 2024ರಲ್ಲಿ 750 ರೂಪಾಯಿಗೆ, ಪರಿಶಿಷ್ಟರಿಗೆ 125ಕ್ಕೆ ಮಿತಿಗೊಳಿಸಿದ್ದು ದೊಡ್ಡ ಉಪಕಾರ. ಆದರೆ ಹಿರಿಯರ ಕೈಕೆಳಗೆ ಫೈಲು ಹೊರುವ ಜೂನಿಯರಿಗೆ ಖೋಲಿ ಬಾಡಿಗೆ, ಊಟಕ್ಕೆ ಯಾರು ಕೊಡ್ತಾರೆ? ಮನೆಯಲ್ಲಿ ನಾಲ್ಕು ಎಕರೆ ತೊಗರಿ ಇದ್ದವರು ತಡಕೊಳ್ತಾರೆ. ಇಲ್ಲದವರು ಬೇರೆ ನೌಕರಿ ಹುಡುಕ್ತಾರೆ, ಇಲ್ಲಾ ಬೆಂಗಳೂರು ಸೇರ್ತಾರೆ. ಆದರೆ ತಾಲೂಕು ಕೋರ್ಟಿನಲ್ಲಿ ಹೊಲದ ಪಾಲಿನ ದಾವೆ ಹೂಡಿದ ಮುದುಕನಿಗೆ ಅವನ ಮಾತು ತಿಳಿಯುವ ವಕೀಲರೇ ಬೇಕಲ್ಲ. ಊರಲ್ಲೇ ಉಳಿಯುವ ಜೂನಿಯರುಗಳನ್ನು ಸರ್ಕಾರ, ವಕೀಲರ ಸಂಘಗಳು ಸೇರಿ ಮೊದಲ ಮೂರು ವರ್ಷ ಕೈಹಿಡಿಯಲೇಬೇಕು.

ನಿಮ್ಮೂರಿನ ಮೊದಲ ವಕೀಲರು ಎಲ್ಲಿ ಓದಿದ್ದು? ಈಗ ಊರಲ್ಲೇ ಇದ್ದಾರಾ? ಹೇಳ್ರಿ.