ಅಜ್ಜಿಯ ಕೈ, ಅಕ್ಕನ ಸರ್ಟಿಫಿಕೇಟು

ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವರು ನಾವು. ಬಿ.ಎ., ಎರಡನೇ ದರ್ಜೆ. ಆ ಸರ್ಟಿಫಿಕೇಟನ್ನು ಅವ್ವ ತನ್ನ ಮದುವೆ ಸೀರೆಯಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟಿದ್ದಾಳೆ. ಅದರಿಂದ ಇದುವರೆಗೆ ಯಾರ ಜೀವವೂ ಉಳಿದಿಲ್ಲ. ಹೆಬ್ಬೆಟ್ಟು ಬಿಟ್ಟು ಬೇರೆ ಸಹಿ ಗೊತ್ತಿಲ್ಲದ ನಮ್ಮ ಅಜ್ಜಿ ಊರಿನ ಕೂಸನ್ನೂ ಕೇರಿಯ ಕೂಸನ್ನೂ ಎರಡು ಕೈಯಲ್ಲಿ ಹಿಡಿದು ಈ ಲೋಕಕ್ಕೆ ತಂದವಳು. ಡಿಗ್ರಿ ಇಲ್ಲದ ನಮ್ಮ ಅಕ್ಕ ಹನ್ನೆರಡು ವರ್ಷದಿಂದ ನರ್ಸು. ಹಾಗಾಗಿ, ನರ್ಸ್ ಆಗಬೇಕಾದರೆ ಬಿ.ಎಸ್ಸಿ. ಡಿಗ್ರಿ ಕಡ್ಡಾಯ ಮಾಡಬೇಕು ಅಂತ ಯಾರಾದರೂ ಅಂದ ಕೂಡಲೇ ನಮಗೆ ಹೌದು ಅನ್ನಲೂ ಬಾಯಿ ಬರುವುದಿಲ್ಲ, ಇಲ್ಲ ಅನ್ನಲೂ ಬಾಯಿ ಬರುವುದಿಲ್ಲ. ಯಾಕೆ ಅನ್ನುವುದನ್ನು ಗೆಳೆಯರ ಮುಂದೆ ಇಡುತ್ತಿದ್ದೇವೆ.

ಅಜ್ಜಿ ಸೂಲಗಿತ್ತಿ. ನಡುರಾತ್ರಿ ಊರ ಕಡೆಯಿಂದ ಲಾಟೀನು ಬಂತೆಂದರೆ ಸೆರಗು ಬಿಗಿದು ಹೊರಟುಬಿಡುವಳು. ಹಗಲಲ್ಲಿ ಅಂಗಳಕ್ಕೂ ಬಿಡದ ಮನೆಗಳು ಆ ಹೊತ್ತಿಗೆ ಹಿತ್ತಲ ಬಾಗಿಲು ತೆಗೆಯುತ್ತಿದ್ದವು. ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಹೆರಿಗೆ. ಹೊಕ್ಕುಳಬಳ್ಳಿ ಕೊಯ್ಯುವುದು ಮೈಲಿಗೆ, ಮಾಸು ಹೂಳುವುದು ಮೈಲಿಗೆ, ರಕ್ತದ ಬಟ್ಟೆ ಒಗೆಯುವುದು ಮೈಲಿಗೆ. ಮೈಲಿಗೆಯದ್ದೆಲ್ಲ ನಮ್ಮದು. ಪುಣ್ಯಾಹ ಆದ ಮೇಲೆ ಕೂಸು ಅವರದ್ದು, ಅಜ್ಜಿ ಅದನ್ನು ಮುಟ್ಟುವಂತಿಲ್ಲ. ಕೂಲಿ ಒಂದು ಮೊರ ರಾಗಿ, ಎಲೆ ಅಡಿಕೆ, ಒಂದು ಹಳೇ ಸೀರೆ. ಕೂಸು ಅಡ್ಡ ತಿರುಗಿದ್ದನ್ನು ಹೊಟ್ಟೆ ಮೇಲೆ ಕೈಯಾಡಿಸಿಯೇ ತಿಳಿಯುತ್ತಿದ್ದ ಅವಳ ಬುದ್ಧಿಗೆ ಊರು ಇಟ್ಟ ಹೆಸರು 'ಕೈಗುಣ'. ವಿದ್ಯೆ ಅಂತ ಯಾರೂ ಕರೆಯಲಿಲ್ಲ. ನಮ್ಮ ಕೈಯಲ್ಲಿದ್ದರೆ ಕೈಗುಣ, ಅವರ ಕಾಗದದಲ್ಲಿದ್ದರೆ ವಿದ್ಯೆ.

ಪಾವಗಡ ತಾಲ್ಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಹೆಸರು ನೀವೆಲ್ಲ ಕೇಳಿದ್ದೀರಿ. ಅಕ್ಷರ ಕಲಿಯದ ಆ ತಾಯಿ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಸಂತೋಷವೇ. ಆದರೆ ಡಿಗ್ರಿ ಬಂದದ್ದು ಕೈ ನಡುಗುವ ವಯಸ್ಸಿಗೆ, ಅದೂ ಒಬ್ಬರಿಗೆ. ಮಿಕ್ಕ ಸೂಲಗಿತ್ತಿಯರಿಗೆ ಮೊರದ ರಾಗಿಯೇ ಡಾಕ್ಟರೇಟು.

ಹಾಗಂತ ಅಜ್ಜಿಯನ್ನು ದೇವರು ಮಾಡಿ ಕೂರಿಸುವುದು ನಮಗೆ ಬೇಕಿಲ್ಲ. ಅವಳ ಹಿರಿ ಮಗಳು, ನಮ್ಮ ದೊಡ್ಡವ್ವ, ಚೊಚ್ಚಲ ಹೆರಿಗೆಯಲ್ಲಿ ಅಜ್ಜಿಯ ಕೈಯಲ್ಲೇ ಸತ್ತಳು. ಕೂಸು ಹುಟ್ಟಿತು, ಮಾಸು ಬಿತ್ತು, ರಕ್ತ ನಿಲ್ಲಲಿಲ್ಲ. ಊರ ಮಂದಿ ಹಣೆಬರಹ ಅಂದರು. ಅಜ್ಜಿ ಒಪ್ಪಲಿಲ್ಲ. 'ಏನೋ ಇತ್ತು ಕಣ್ರೋ, ನಂಗೆ ಗೊತ್ತಾಗ್ಲಿಲ್ಲ ಅಷ್ಟೆ' ಅನ್ನುತ್ತಿದ್ದಳು. ಅವಳು ಹೇಳಿದ್ದು ಸರಿ. ಗರ್ಭಕೋಶ ಬಿಗಿಯಾಗದಿದ್ದರೆ ರಕ್ತ ನಿಲ್ಲುವುದಿಲ್ಲ. ಅದನ್ನು ಬಿಗಿ ಮಾಡುವ ಇಂಜೆಕ್ಷನ್ ಆ ಕಾಲಕ್ಕೂ ಲೋಕದಲ್ಲಿ ಇತ್ತು. ನಮ್ಮ ಕೇರಿಗೆ ಬಂದಿರಲಿಲ್ಲ. ಅಜ್ಜಿ ಅಕ್ಕನಿಗೆ ಒಂದೇ ಮಾತು ಹೇಳಿದ್ದಳು: 'ನೀ ಓದವ್ವ. ನಂಗೆ ಗೊತ್ತಾಗದೆ ಹೋದದ್ದ ನೀ ತಿಳ್ಕೊ.'

ಅಕ್ಕ ಓದಲು ಹೊರಟಳು. ನಮ್ಮ ಹೋಬಳಿಯ ಪಿ.ಯು. ಕಾಲೇಜಿನಲ್ಲಿ ಸೈನ್ಸ್ ಇರಲಿಲ್ಲ. ಆರ್ಟ್ಸ್ ತಗೊಂಡಳು. ಬಿ.ಎಸ್ಸಿ. ನರ್ಸಿಂಗ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಲೇಬೇಕು. ಅಲ್ಲಿಗೆ ಆ ಬಾಗಿಲು ಮುಚ್ಚಿತು. ತೆರೆದಿದ್ದದ್ದು ಜಿ.ಎನ್.ಎಂ. ಡಿಪ್ಲೊಮಾ. ಈ ದೇಶದಲ್ಲಿ ನರ್ಸಿಂಗ್ ಓದು ಮೂರು ಮೆಟ್ಟಿಲು: ಎರಡು ವರ್ಷದ ಎ.ಎನ್.ಎಂ., ಮೂರು ವರ್ಷದ ಜಿ.ಎನ್.ಎಂ., ನಾಲ್ಕು ವರ್ಷದ ಬಿ.ಎಸ್ಸಿ. ಡಿಗ್ರಿ ಹೊಸದೇನಲ್ಲ, 1946ರಲ್ಲೇ ದೆಹಲಿಯಲ್ಲೂ ವೆಲ್ಲೂರಿನಲ್ಲೂ ಶುರುವಾಯಿತು. ಎಂಬತ್ತು ವರ್ಷ ಆಗುತ್ತಾ ಬಂದರೂ ನಮ್ಮ ಹೋಬಳಿಯಿಂದ ಅಲ್ಲಿಗೆ ಹತ್ತುವ ದಾರಿ ಮಾತ್ರ ಯಾರೂ ಮಾಡಲಿಲ್ಲ. ಮೂರು ಮೆಟ್ಟಿಲಿನ ಕೆಳಗೆ ಇನ್ನೊಂದಿದೆ, ಅದಕ್ಕೆ ಕೋರ್ಸಿಲ್ಲ. ಆಯಾ, ಕಸ ಗುಡಿಸುವವರು, ಹೆಣ ಎತ್ತುವವರು. ನಮ್ಮ ತಾಲ್ಲೂಕು ಕೇಂದ್ರದ ಯಾವ ಆಸ್ಪತ್ರೆಗಾದರೂ ಹೋಗಿ ಅವರ ಕೇರಿ ಯಾವುದು ಅಂತ ಕೇಳಿ ನೋಡಿ. ಅಜ್ಜಿಯ ಮೈಲಿಗೆ ಕೆಲಸ ಅಲ್ಲಿ ಯೂನಿಫಾರ್ಮ್ ಹಾಕಿಕೊಂಡು ನಿಂತಿರುತ್ತದೆ.

ಈಗ ಆ ರಾತ್ರಿಯ ಮಾತು. ಅಕ್ಕ ಕೆಲಸ ಮಾಡುವ ಖಾಸಗಿ ಆಸ್ಪತ್ರೆಯಲ್ಲಿ ರಾತ್ರಿಗೆ ಮೂವತ್ತು ರೋಗಿಗೆ ಇಬ್ಬರು ನರ್ಸು. ಸಾಮಾನ್ಯ ವಾರ್ಡಿನಲ್ಲಿ ಆರು ಹಾಸಿಗೆಗೆ ಒಬ್ಬ ನರ್ಸು ಅಂತ ಸರ್ಕಾರದ ಲೆಕ್ಕ ಇದೆ, ಅದು ಕಾಗದದಲ್ಲಿ. ಸಂಜೆ ಹೆರಿಗೆಯಾದ ಒಬ್ಬ ಬಾಣಂತಿ, ಕೂಲಿಯವರ ಮನೆಯ ಹುಡುಗಿ, ಹನ್ನೊಂದು ಗಂಟೆಗೆ 'ಎದೆ ಹೊಡ್ಕೊಳ್ತದೆ ಸಿಸ್ಟರ್' ಅಂದಳು. ನಾಡಿ ನೂರರ ಹತ್ತಿರ. ಹನ್ನೆರಡಕ್ಕೆ ನೂರಾ ಹದಿನೆಂಟು. ಬಟ್ಟೆ ಒದ್ದೆಯಾಗುತ್ತಲೇ ಇತ್ತು. ಅಕ್ಕ ಡಾಕ್ಟರಿಗೆ ಫೋನ್ ಮಾಡಿದಳು.

'ಬಿ.ಪಿ. ಎಷ್ಟು?'

'ನೂರಾ ಹತ್ತು ಇದೆ ಸಾರ್, ಆದ್ರೆ ಪಲ್ಸು...'

'ಬಿ.ಪಿ. ಸರಿಯಿದೆಯಲ್ಲ. ನೋಡ್ತಿರಿ.'

ಒಂದು ಗಂಟೆಗೆ ಮತ್ತೆ ಮಾಡಿದಳು. 'ಡಿಪ್ಲೊಮಾ ಓದ್ಕೊಂಡು ನಂಗೇ ಹೇಳಿಕೊಡ್ತೀಯಾ?' ಅಂತ ಕೇಳಿ ಫೋನಿಟ್ಟರು. ಎರಡೂವರೆಗೆ ಬಿ.ಪಿ. ಕುಸಿಯಿತು. ಡಾಕ್ಟರು ಓಡಿ ಬಂದರು, 108 ಬಂತು. ಜಿಲ್ಲಾಸ್ಪತ್ರೆ ಮುಟ್ಟುವ ಮೊದಲೇ ದಾರಿಯಲ್ಲಿ ಆ ಹುಡುಗಿ ಹೋದಳು. ಹಸುಗೂಸು ಅಕ್ಕನ ಕೈಯಲ್ಲಿತ್ತು.

ಬೆಳಿಗ್ಗೆ ಮನೆಗೆ ಬಂದವಳು ಸ್ನಾನ ಮಾಡಲಿಲ್ಲ, ಅನ್ನ ಮುಟ್ಟಲಿಲ್ಲ. ಸಂಜೆ ಬಾಯಿ ಬಿಟ್ಟಳು: 'ಲೋ ತಮ್ಮ, ನಾಡಿ ಓಡೋದು ಅಪಾಯ ಅಂತ ಬುಕ್ಕಲ್ಲಿ ಒಂದು ಸಾಲು ಇತ್ತು ಕಣೋ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಯಾಕೆ ಅಂತ ಯಾರೂ ಹೇಳಿರ್ಲಿಲ್ಲ. ಯಾಕೆ ಅಂತ ಗೊತ್ತಿದ್ದಿದ್ರೆ ಫೋನಲ್ಲೇ ಜಗಳ ಆಡ್ತಿದ್ದೆ.'

ಅಜ್ಜಿಯ ಮಾತೇ ಅಕ್ಕನ ಬಾಯಲ್ಲಿ ಬಂತು. ಒಂದು ತಲೆಮಾರು ಕಳೆದು, ಆಸ್ಪತ್ರೆ ಬಂದು, ಇಂಜೆಕ್ಷನ್ ಬಂದು, ಮತ್ತೆ ರಕ್ತ ನಿಲ್ಲಲಿಲ್ಲ.

ಆವತ್ತಿನಿಂದ 'ನರ್ಸಿಗೆ ಅಷ್ಟೆಲ್ಲ ಓದು ಯಾಕೆ, ಸೇವಾಭಾವ ಇದ್ದರೆ ಸಾಕು' ಅನ್ನುವವರನ್ನು ಕಂಡರೆ ನಮಗೆ ಸಿಟ್ಟು. ಸಾಕು ಅನ್ನುತ್ತೀರಲ್ಲ, ಯಾರಿಗೆ ಸಾಕು? ನಿಮ್ಮ ಮಗಳ ಹೆರಿಗೆಗೆ ಸಾಕಾ? ಸೇವೆ ಅನ್ನುವ ಮಾತು ನಮಗೆ ಹಳೆಯದು. ಸಾವಿರಾರು ವರ್ಷ ಅದನ್ನೇ ಹೇಳಿ ನಮ್ಮ ಕೈಗೆ ಪೊರಕೆ ಕೊಟ್ಟರು. 1897ರ ಪ್ಲೇಗಿನಲ್ಲಿ ಪುಣೆಯ ರೋಗಿಗಳನ್ನು ಹೊತ್ತು ಆರೈಕೆ ಮಾಡುತ್ತಾ ತಾವೇ ಪ್ಲೇಗಿಗೆ ಬಲಿಯಾದ ಸಾವಿತ್ರಿಬಾಯಿ ಫುಲೆ ಸೇವೆಯನ್ನಷ್ಟೇ ಮಾಡಿದವರಲ್ಲ. ಅದಕ್ಕೂ ಐವತ್ತು ವರ್ಷ ಹಿಂದೆ ಹೆಣ್ಣುಮಕ್ಕಳ ಕೈಗೆ ಅಕ್ಷರ ಕೊಟ್ಟವರು. ಎರಡೂ ಒಂದೇ ಕೆಲಸ ಅಂತ ಆ ತಾಯಿಗೆ ಗೊತ್ತಿತ್ತು.

ಲೆಕ್ಕವೂ ಇದನ್ನೇ ಹೇಳುತ್ತದೆ. 2014ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಲಿಂಡಾ ಏಕನ್ ಮತ್ತು ಸಂಗಡಿಗರ ಅಧ್ಯಯನ ಬಂತು. ಯುರೋಪಿನ 9 ದೇಶಗಳ 300 ಆಸ್ಪತ್ರೆ, ಆಪರೇಷನ್ ಆದ 4 ಲಕ್ಷಕ್ಕೂ ಹೆಚ್ಚು ರೋಗಿಗಳು. ಡಿಗ್ರಿ ಓದಿದ ನರ್ಸುಗಳ ಪಾಲು ನೂರಕ್ಕೆ 10 ಹೆಚ್ಚಿದ್ದ ಕಡೆ, ಒಂದು ತಿಂಗಳೊಳಗೆ ರೋಗಿ ಸಾಯುವ ಸಂಭವ ನೂರಕ್ಕೆ 7ರಷ್ಟು ಕಡಿಮೆ ಇತ್ತು. ಇಂಗ್ಲೆಂಡಿನಲ್ಲಿ 2013ರಿಂದ ಹೊಸದಾಗಿ ನರ್ಸಿಂಗ್ ಸೇರುವವರು ಡಿಗ್ರಿಯನ್ನೇ ಓದಬೇಕು. ನಮ್ಮಲ್ಲೂ ಜಿ.ಎನ್.ಎಂ. ನಿಲ್ಲಿಸಿ ಡಿಗ್ರಿಯೊಂದನ್ನೇ ಉಳಿಸುವ ಮಾತು ನರ್ಸಿಂಗ್ ಕೌನ್ಸಿಲ್ ಕಡೆಯಿಂದ ಒಮ್ಮೆ ಬಂದುಹೋಗಿದೆ.

ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಸಾಲಿದೆ. ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, ಸಾಯುವ ಸಂಭವ ನೂರಕ್ಕೆ 7ರಷ್ಟು ಹೆಚ್ಚು. ಮೊದಲ ಸಾಲು ಓದಿ ಎರಡನೆಯದನ್ನು ಬಿಡುವುದು ಆಸ್ಪತ್ರೆ ಧಣಿಗಳಿಗೆ ಅನುಕೂಲ. ಡಿಗ್ರಿಯ ಖರ್ಚು ಹುಡುಗಿಯದ್ದು, ಇನ್ನೊಬ್ಬ ನರ್ಸಿನ ಸಂಬಳದ ಖರ್ಚು ಧಣಿಯದ್ದು. ಆ ರಾತ್ರಿ ಅಕ್ಕನ ಕೈಯಲ್ಲಿ ಡಿಗ್ರಿ ಇದ್ದಿದ್ದರೂ ಹದಿನೈದು ರೋಗಿ ಹದಿನೈದೇ. ಫೋನಿನ ಆ ಕಡೆಯ ಗದರಿಕೆಯೂ ಅದೇ. ಬಾಬಾಸಾಹೇಬರು ಕೊಲಂಬಿಯಾದಲ್ಲಿ ಓದಿ ಬಂದ ಮೇಲೂ 1917ರ ಬರೋಡಾದಲ್ಲಿ ಅವರಿಗೆ ತಂಗಲು ಜಾಗ ಸಿಗಲಿಲ್ಲ. ಡಿಗ್ರಿ ಅವಮಾನವನ್ನು ತಪ್ಪಿಸುವುದಿಲ್ಲ. ಅವಮಾನಕ್ಕೆ ಉತ್ತರ ಕೊಡುವ ನಾಲಿಗೆ ಕೊಡುತ್ತದೆ. ಅದಕ್ಕೇ ಅವರು ಓದಿ ಅಂದರು, ಅದಕ್ಕೇ ನಾವು ಡಿಗ್ರಿ ಬೇಕು ಅನ್ನುತ್ತಿರುವುದು.

ಎರಡು ವರ್ಷದ ಹಿಂದೆ ಆ ಆಸ್ಪತ್ರೆಗೆ ಬಿ.ಎಸ್ಸಿ. ಓದಿದ ಹುಡುಗಿಯೊಬ್ಬಳು ಬಂದಳು. ಇಪ್ಪತ್ತಮೂರು ವಯಸ್ಸು. ಬಂದ ಮೂರನೇ ತಿಂಗಳಿಗೆ ಅವಳೇ ವಾರ್ಡಿನ ಇನ್‌ಚಾರ್ಜ್. ಅಕ್ಕನಿಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು. ಒಂದು ದಿನ ಆ ಹುಡುಗಿ ಓಡಿ ಬಂದು 'ಅಕ್ಕಾರ, ಕೂಸಿನ ನರಾನ ಸಿಗವಲ್ದು, ಒಂದೀಟು ಬರ್ರಿ' ಅಂದಳಂತೆ. ಅಕ್ಕ ಹೋಗಿ ಒಂದೇ ಸಲಕ್ಕೆ ಸೂಜಿ ಹಾಕಿಕೊಟ್ಟಳು. ಡ್ರಿಪ್ಪಿನ ಔಷಧದ ಲೆಕ್ಕ ಹೇಗೆ ಹಾಕುವುದು ಅಂತ ಆ ಹುಡುಗಿ ಅಕ್ಕನಿಗೆ ಹೇಳಿಕೊಟ್ಟಳು. ಆಮೇಲೆ ಗೊತ್ತಾಯಿತು, ರಾಯಚೂರು ಕಡೆಯ ಕೂಲಿಯವರ ಮಗಳು, ಓದಿಗೆ ಮಾಡಿದ ಬ್ಯಾಂಕ್ ಸಾಲ ಇನ್ನೂ ತೀರಿಲ್ಲ. ಹನ್ನೆರಡು ವರ್ಷದ ಅಕ್ಕನ ಸಂಬಳ 12,000, ಡಿಗ್ರಿಯ ಇನ್‌ಚಾರ್ಜಿನ ಸಂಬಳ 13,500. ಇಷ್ಟಕ್ಕಾಗಿ ಇಬ್ಬರನ್ನೂ ಜಗಳಕ್ಕೆ ಬಿಟ್ಟಿದ್ದರು! 2016ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಕೇಂದ್ರ ಸರ್ಕಾರ ಮಾಡಿದ ಸಮಿತಿ, 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ 20,000ಕ್ಕೆ ಕಡಿಮೆ ಸಂಬಳ ಇರಬಾರದು ಅಂದಿತ್ತು. ಅದೂ ಕಾಗದದಲ್ಲಿ.

ಜಿ.ಎನ್.ಎಂ. ಆದವರು ಡಿಗ್ರಿ ಪಡೆಯಲು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಇದೆ. ಅಕ್ಕ ಸೇರುತ್ತೇನೆ ಅಂದಳು. ಸೇರಲು ಮೂಲ ಸರ್ಟಿಫಿಕೇಟು ಬೇಕು. ಅದು ಕೆಲಸಕ್ಕೆ ಸೇರಿದ ದಿನವೇ ಆಸ್ಪತ್ರೆಯ ಬೀರು ಸೇರಿದೆ. ಬಿಡಿಸಿಕೊಳ್ಳಲು ದುಡ್ಡು ಕಟ್ಟಬೇಕಂತೆ. ಎರಡು ವರ್ಷ ಸಂಬಳವಿಲ್ಲದೆ ಮನೆ ನಡೆಯಬೇಕು. ಡಿಗ್ರಿ ಕಡ್ಡಾಯ ಅನ್ನುವ ಕಾನೂನು ನಾಳೆಯೇ ಬಂದು, ಈ ಬೀರು ಹೀಗೇ ಇದ್ದರೆ ಏನಾಗುತ್ತದೆ? ಅಕ್ಕನಂಥವರು ಹೊಸದಾಗಿ ನರ್ಸ್ ಆಗಲಾರರು, ಆಯಾ ಆಗುತ್ತಾರೆ. ಹೆಸರು ಮಾತ್ರ ಬದಲಾಗಿ ಅದೇ ಕೆಲಸ ಅರ್ಧ ಸಂಬಳಕ್ಕೆ ನಡೆಯುತ್ತದೆ. ಅಜ್ಜಿಯ ಹಿತ್ತಲ ಬಾಗಿಲಿಗೇ ವಾಪಸ್ಸು.

ಆದ್ದರಿಂದ ಗೆಳೆಯರೇ, ಡಿಗ್ರಿ ಬೇಕೋ ಬೇಡವೋ ಅನ್ನುವ ಪ್ರಶ್ನೆಗೆ ನಮ್ಮ ಉತ್ತರ ಇದು. ಬೇಕು. ಕಡ್ಡಾಯವೂ ಆಗಲಿ. ಆದರೆ ಕಡ್ಡಾಯ ಮೊದಲು ಸರ್ಕಾರಕ್ಕೆ, ಆಮೇಲೆ ನಮ್ಮ ಹುಡುಗಿಯರಿಗೆ. ಹೋಬಳಿ ಕಾಲೇಜಿನಲ್ಲಿ ಸೈನ್ಸ್ ಕಡ್ಡಾಯವಾಗಲಿ, ಲ್ಯಾಬು ಕಡ್ಡಾಯವಾಗಲಿ. ಜಿ.ಎನ್.ಎಂ. ಆದವರಿಗೆ ಸಂಬಳ ಸಹಿತ ರಜೆ ಕೊಟ್ಟು ಓದಿಸುವುದು ಕಡ್ಡಾಯವಾಗಲಿ. ಆರು ಹಾಸಿಗೆಗೆ ಒಬ್ಬ ನರ್ಸು ಕಡ್ಡಾಯವಾಗಲಿ. ಸರ್ಟಿಫಿಕೇಟು ಬೀರುವಿನಲ್ಲಿಟ್ಟುಕೊಳ್ಳುವವರಿಗೆ ಜೈಲು ಕಡ್ಡಾಯವಾಗಲಿ. 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆಂದು 2023ರಲ್ಲಿ ಸಂಸತ್ತು ಹೊಸ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆ ಮಾಡಿದೆ. ಸೂಲಗಿತ್ತಿ ಅನ್ನುವ ಮಾತು ಕಾನೂನಿನ ಹೆಸರಿಗೆ ಬಂತು. ಸೂಲಗಿತ್ತಿಯ ಮೊಮ್ಮಗಳು ಅದರೊಳಗೆ ಹೇಗೆ ಬರುತ್ತಾಳೆ ಅನ್ನುವುದನ್ನು ನಾವು ಕೇಳಬೇಕು.

ಕೊನೆಗೊಂದು ಮಾತು. ಆ ಸಾವಿನ ನಂತರ ನಾವು ಪದ್ಯ ಬರೆಯಲು ಕೂತೆವು, ಬರಲಿಲ್ಲ. ಅಕ್ಕ ಒಂದು ಇಂಗ್ಲಿಷ್ ಪುಸ್ತಕ ತಂದು ಮುಂದಿಟ್ಟು, 'ನೀ ಬಿ.ಎ. ಓದಿದ್ದೀಯಲ್ಲ, ಇದನ್ನ ಕನ್ನಡದಲ್ಲಿ ಹೇಳು' ಅಂದಳು. ಡಿಕ್ಷನರಿ ಹಿಡಿದು ಓದಿದೆವು. ಮೈಯಲ್ಲಿ ರಕ್ತ ಕಡಿಮೆಯಾದಾಗ ಗುಂಡಿಗೆ ಇರುವಷ್ಟನ್ನೇ ಜೋರಾಗಿ ಓಡಿಸುತ್ತದೆ, ಅದಕ್ಕೆ ನಾಡಿ ಏರುತ್ತದೆ. ಸಣ್ಣ ರಕ್ತನಾಳಗಳು ಬಿಗಿದುಕೊಂಡು ಒತ್ತಡವನ್ನು ಸ್ವಲ್ಪ ಹೊತ್ತು ಹಿಡಿದು ನಿಲ್ಲಿಸುತ್ತವೆ, ಅದಕ್ಕೆ ಬಿ.ಪಿ. ಸರಿಯಿರುವ ಹಾಗೆ ಕಾಣುತ್ತದೆ. ಹಿಡಿತ ತಪ್ಪಿದ ಮೇಲೆ ಕುಸಿಯುತ್ತದೆ, ಆಗ ಹೊತ್ತು ಮೀರಿರುತ್ತದೆ. ಇಷ್ಟೇ. ಕನ್ನಡದಲ್ಲಿ ಹೇಳಲು ಹತ್ತು ನಿಮಿಷ ಸಾಕಾಯಿತು. ಓದಿದ ಅಷ್ಟೂ ವರ್ಷಗಳಲ್ಲಿ ಅಕ್ಕನಿಗೆ ಆ ಹತ್ತು ನಿಮಿಷ ಯಾರೂ ಕೊಟ್ಟಿರಲಿಲ್ಲ.

ಈಗ ವಾರಕ್ಕೊಂದು ಸಂಜೆ ನಮ್ಮ ಮನೆಯ ಜಗಲಿಯಲ್ಲಿ ಅಕ್ಕ, ರಾಯಚೂರಿನ ಹುಡುಗಿ, ಇಬ್ಬರು ಆಯಾಗಳು ಕೂತು ಓದುತ್ತಾರೆ. ನಾವು ಡಿಕ್ಷನರಿ ಹಿಡಿದಿರುತ್ತೇವೆ. ಹಳ್ಳಿ ಶಾಲೆಯ ಮೇಷ್ಟ್ರುಗಳೇ, ನಿಮ್ಮ ಊರಲ್ಲೂ ಒಂದು ಜಗಲಿ ಇರಬಹುದು. ಅಕ್ಕನ ಸರ್ಟಿಫಿಕೇಟು ಇನ್ನೂ ಬೀರುವಿನಲ್ಲೇ ಇದೆ. ಅದನ್ನು ಕೇಳಲು ಬರುವ ತಿಂಗಳು ಹತ್ತು ಜನ ಸೇರಿ ಆಸ್ಪತ್ರೆಗೆ ಹೋಗುತ್ತಿದ್ದೇವೆ. ಮುಂಬಾಗಿಲಿನಿಂದ.