ಕೆಂಗಲ್ಲಿನ ನೆತ್ತಿಯ ಮೇಲಣ ಊರು

ಭಾಲ್ಕಿಯ ಕಡೆಯಿಂದ ಬೀದರಿಗೆ ಬರುವ ಪ್ರವಾಸಿಗನಿಗೆ ದಾರಿಯಲ್ಲಿ ನೆಲದ ಬಣ್ಣವೇ ಬದಲಾದಂತೆ ಕಾಣುತ್ತದೆ. ತೊಗರಿ, ಜೋಳ, ಕಬ್ಬುಗಳ ಎರೆಹೊಲಗಳು ಹಿಂದೆ ಸರಿದು, ಏರು ಮುಗಿಯುತ್ತಲೇ ಒರಟಾದ ಕೆಂಪು ಕಲ್ಲಿನ ಬಯಲು ಎದುರಾಗುತ್ತದೆ. ಸಮುದ್ರಮಟ್ಟಕ್ಕಿಂತ 2,000 ಅಡಿಗಳಿಗೂ ಮೇಲಿರುವ ಈ ಬಯಲಿನ ಅಂಚಿನಲ್ಲಿ ಕೋಟೆಯಿದೆ. ಕೋಟೆಯ ಮಗ್ಗುಲಲ್ಲಿ ಊರು. ಊರನ್ನು ಹಾದುಹೋಗುವ ಹೊಳೆಯಿಲ್ಲ. ಮಾಂಜರಾ ನದಿ ಹರಿಯುವುದು ದೂರದ ತಗ್ಗಿನಲ್ಲಿ. ಬೇಸಿಗೆಯಲ್ಲಿ ಈ ಬೆಂಗಾಡನ್ನು ಕಂಡವರು, ಬಹಮನಿ ಸುಲ್ತಾನ ಅಹಮದ್ ಷಾ 15ನೆಯ ಶತಮಾನದಲ್ಲಿ ಕಲಬುರ್ಗಿಯನ್ನು ಬಿಟ್ಟು ಇಲ್ಲಿಗೆ ರಾಜಧಾನಿಯನ್ನು ತಂದುದೇಕೆಂದು ಬೆರಗಾಗದಿರರು.

ಉತ್ತರವಿರುವುದು ಕಾಲಡಿಯಲ್ಲಿ. ಮೇಲಿನ ಕೆಂಗಲ್ಲು ಸೂಕ್ಷ್ಮರಂಧ್ರಗಳಿಂದ ತುಂಬಿದ್ದು, ಬಿದ್ದ ಮಳೆಯನ್ನೆಲ್ಲ ಹೀರಿಕೊಳ್ಳುತ್ತದೆ. ಅದರಡಿಯ ಗಟ್ಟಿ ಕರಿಗಲ್ಲು ನೀರನ್ನು ಕೆಳಗಿಳಿಯಗೊಡದು. ಹೀಗೆ ತಡೆಯಲ್ಪಟ್ಟ ನೀರು ಬಯಲಿನ ಅಂಚುಗಳಲ್ಲಿ ಝರಿಯಾಗಿ ಒಸರುತ್ತದೆ. ಊರಿನ ದಿನಚರಿಯೂ ಭಕ್ತಿಯೂ ಈ ಝರಿಗಳನ್ನು ಸುತ್ತಿಕೊಂಡೇ ಬೆಳೆದಿವೆ. ನರಸಿಂಹ ಝರಣಿಯಲ್ಲಿ ಭಕ್ತರು ಬಾವಲಿಗಳು ಹಾರಾಡುವ ಗುಹೆಯೊಳಗೆ, ಎದೆಮಟ್ಟದ ನೀರಿನಲ್ಲಿ ನಡೆದುಹೋಗಿ ದೇವರನ್ನು ಕಾಣುತ್ತಾರೆ. ಎಳೆಯ ಮಕ್ಕಳು ತಂದೆಯರ ಹೆಗಲೇರಿರುತ್ತವೆ. ಗುರು ನಾನಕ್ ಝರಾದ ಸಿಹಿನೀರು ಗುರುವಿನ ಪಾದಸ್ಪರ್ಶದಿಂದ ಚಿಮ್ಮಿತೆಂಬುದು ಜನರ ನಂಬಿಕೆ. ಅಲ್ಲಿಯ ಲಂಗರಿನಲ್ಲಿ ಪಂಜಾಬಿನ ಯಾತ್ರಿಕನೂ ಔರಾದಿನ ರೈತನೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಾರೆ.

ಊರಿನ ನಡುವೆ 71 ಅಡಿ ಎತ್ತರದ ಚೌಬಾರಾ ನಿಂತಿದೆ. ಒಂದು ಕಾಲಕ್ಕೆ ಕಾವಲುಗಾರನ ಕಣ್ಣಾಗಿದ್ದ ಈ ಗೋಪುರ ಈಗ ಗಡಿಯಾರ ಹೊತ್ತು ಪೇಟೆಗೆ ಹೊತ್ತು ಹೇಳುತ್ತದೆ. ಅದರ ಸುತ್ತಲಿನ ಅಂಗಡಿಗಳಲ್ಲಿ ಕನ್ನಡದಲ್ಲಿ ಆರಂಭವಾದ ಚೌಕಾಶಿ ದಖನಿಗೆ ಹೊರಳಿ, ಮರಾಠಿಯಲ್ಲೋ ತೆಲುಗಿನಲ್ಲೋ ಮುಗಿದರೆ ಯಾರಿಗೂ ಸೋಜಿಗವಿಲ್ಲ. ಆದರೂ ಇಲ್ಲಿ ಕನ್ನಡ ಸುಲಭವಾಗಿ ಉಳಿದುದಲ್ಲ. ನಿಜಾಮರ ಆಳ್ವಿಕೆಯಲ್ಲಿ, ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. 1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯವನ್ನು ಸೇರಿದಾಗ ಆ ಮಕ್ಕಳು ಕನ್ನಡ ಬಲ್ಲ ಪ್ರಜೆಗಳಾಗಿದ್ದರು.

ಬಿದರಿ ಕುಶಲಕರ್ಮಿಗಳ ಓಣಿಗೆ ಕಾಲಿಟ್ಟರೆ ಸುತ್ತಿಗೆಯ ಸಣ್ಣ ಸದ್ದು ಕೇಳುತ್ತದೆ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಯ ಮೇಲೆ ಕುಶಲಿಯೊಬ್ಬ ಬಳ್ಳಿ ಕೊರೆಯುತ್ತಾನೆ. ಮತ್ತೊಬ್ಬ ಆ ಗೀರುಗಳಲ್ಲಿ ಬೆಳ್ಳಿಯ ತಂತಿಯನ್ನು ಕೂಡಿಸಿ ಬಡಿಯುತ್ತಾನೆ. ಕೊನೆಗೆ ಕೋಟೆಯ ಹಳೆಯ ಕಟ್ಟಡಗಳಿಂದ ತಂದ ಮಣ್ಣನ್ನು ನವಸಾಗರದೊಡನೆ ಕುದಿಸಿ ಪಾತ್ರೆಯನ್ನು ಅದರಲ್ಲಿ ಅದ್ದಿದಾಗ ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಮಣ್ಣು ಮಳೆಬಿಸಿಲು ಸೋಕದ ಕಡೆಯದಾಗಿರಬೇಕು. ನಾಲಗೆಯ ಮೇಲಿಟ್ಟು ರುಚಿಯಿಂದಲೇ ಅದರ ಗುಣವನ್ನು ಗುರುತಿಸುವವರುಂಟು. ಈ ಕಲೆಗಾಗಿ ಇಲ್ಲಿಯ ಷಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು.

ಮಾರ್ಗಶಿರದ ಕಡೆಯ ದಿನ, ಎಳ್ಳಮಾವಾಸ್ಯೆಯಂದು, ಊರು ಅರ್ಧ ಬರಿದಾಗುತ್ತದೆ. ಬಗೆಬಗೆಯ ಕಾಳು, ಸೊಪ್ಪುಗಳ ಭಜ್ಜಿಯನ್ನೂ ಜೋಳದ ಅಂಬಲಿಯನ್ನೂ ಹೊತ್ತು ಜನರು ಹೊಲಗಳಿಗೆ ಹೋಗಿ, ಮೊದಲು ಭೂತಾಯಿಗೆ ಚರಗ ಚೆಲ್ಲಿ, ಬಳಿಕ ತಾವುಣ್ಣುತ್ತಾರೆ. ಹೊಲವಿಲ್ಲದವನಿಗೆ ಹೊಲವಿದ್ದವನು ಕರೆ ಕಳುಹಿಸುವುದು ವಾಡಿಕೆ. ಹೋಳಿ ಕಳೆದ ಮೇಲೆ ಅಷ್ಟೂರಿನಲ್ಲಿ ಅಹಮದ್ ಷಾ ವಲಿಯ ಗೋರಿಯ ಜಾತ್ರೆ. ಆತನನ್ನು ಅಲ್ಲಮಪ್ರಭುವೆಂದು ಭಾವಿಸುವ ಲಿಂಗಾಯತರು ಜಂಗಮನೊಡನೆ ಅಲ್ಲಿಗೆ ಬಂದು ಮುಸಲ್ಮಾನರ ಜೊತೆಯಲ್ಲೇ ಕಾಯಿ ಒಡೆಯುತ್ತಾರೆ.

ಆದರೆ ಈ ಊರಿನ ಅತಿ ದೊಡ್ಡ ಆಸ್ತಿ ಕಣ್ಣಿಗೆ ಬೀಳುವಂಥದಲ್ಲ. ನೌಬಾದಿನಲ್ಲಿ ಬಹಮನಿ ಕಾಲದವರು ಪಾರಸಿಕ ವಿಧಾನದಲ್ಲಿ ನೆಲದೊಳಗೆ ಸುರಂಗ ಕೊರೆದು, ಅಲ್ಲಲ್ಲಿ ಬಾವಿಯಂಥ ಕಿಂಡಿಗಳನ್ನು ತೆರೆದು, ಯಂತ್ರವಿಲ್ಲದೆ ಇಳಿಜಾರಿನಿಂದಲೇ ನೀರು ಹರಿಸಿದ್ದರು. ಜನ ಅದನ್ನು ಸುರಂಗಬಾವಿ ಎನ್ನುತ್ತಾರೆ. ಕೊಳವೆಬಾವಿಗಳು ಬಂದವು; ಕಾರಂಜಾ ಜಲಾಶಯದ ನೀರು ನಲ್ಲಿಗಳಿಗೆ ಹರಿಯಿತು; ಸುರಂಗ ಮರೆತುಹೋಯಿತು. ಕೆಲವು ಕಿಂಡಿಗಳು ಕಸದಿಂದ ತುಂಬಿದವು, ಕೆಲವು ಹೊಸ ಕಟ್ಟಡಗಳಡಿ ಹೂತುಹೋದವು. ಈ ಶತಮಾನದ ಎರಡನೆಯ ದಶಕದಲ್ಲಿ ಹೂಳೆತ್ತುವ ಕೆಲಸ ನಡೆದಾಗ ಒಳಗೆ ನೀರು ಮತ್ತೆ ಕಾಣಿಸಿತು.

ಆದರೆ ಹೂಳೆತ್ತಿದ ಮಾತ್ರಕ್ಕೆ ಕೆಲಸ ಮುಗಿಯದು. ಮಳೆನೀರು ಇಂಗುವ ಕೆಂಗಲ್ಲಿನ ಬಯಲು ತೆರೆದಿರಬೇಕು. ಬಯಲೆಲ್ಲ ಮನೆ, ರಸ್ತೆಗಳಾದರೆ ಸುರಂಗ ಬತ್ತುತ್ತದೆ. ಸುರಂಗಕ್ಕೆ ಬಂದ ಬರ ಝರಿಗಳಿಗೂ ತಪ್ಪದು. ಬೀದರಿಗೆ ಬಂದವರು ಕೋಟೆಯನ್ನೂ ಗವಾನನ ಮದರಸಾವನ್ನೂ ನೋಡಿ ಹಿಂದಿರುಗುವುದು ರೂಢಿ. ಒಂದು ಗಳಿಗೆ ಬಿಡುವು ಮಾಡಿಕೊಂಡು ನೌಬಾದಿನ ಆ ಕಿಂಡಿಯೊಂದರ ಬಳಿ ನಿಂತು ಕೆಳಗೆ ಇಣುಕಿದರೆ, ಈ ಊರು ಇಲ್ಲೇಕೆ ಹುಟ್ಟಿತೆಂಬುದು ಅವರಿಗೆ ತಾನಾಗಿ ತಿಳಿದೀತು.